ತಲೆ ನರ್ಸು, ಕಾಲು ನರ್ಸು

ನರ್ಸಿಂಗ್ ವಿದ್ಯಾರ್ಥಿನಿ ತೆಸ್ಸಾ ಹಾರಪ್ ಆ ಬೆಳಿಗ್ಗೆ ಸಮವಸ್ತ್ರ ಹಾಕದೆ ಮನೆಯಿಂದ ಹೊರಬಿದ್ದಳು. ಬ್ರಾಂಪ್ಟನ್ ಬೀದಿಯ ಬಾಯಿಗೆ ಅಷ್ಟು ಸಾಕಾಯಿತು.

ಕಸದ ಡಬ್ಬಿಯನ್ನು ಗೇಟಿನಾಚೆ ಎಳೆಯುತ್ತಿದ್ದ ಪಕ್ಕದ ಮನೆಯ ಕ್ಲೆಗ್ ಅಜ್ಜಿ ಅರ್ಧದಲ್ಲೇ ನಿಂತು, ಹುಡುಗಿಯ ಹಳದಿ ಉಣ್ಣೆ ಕಾರ್ಡಿಗನ್ನನ್ನು ಮೇಲಿಂದ ಕೆಳಗೆ ಅಳೆದಳು.

"ಏನೇ, ಕಾಲೇಜಿಂದ ಓಡಿಸಿಬಿಟ್ರಾ?"

"ಇಲ್ಲಜ್ಜಿ. ಇವತ್ತು ಮಾನಸಿಕ ಆರೋಗ್ಯದ ಪರೀಕ್ಷೆ. ಆ ಕಡೆ ಹೋಗೋವಾಗ ಸಮವಸ್ತ್ರ ಹಾಕೋ ಹಾಗಿಲ್ಲ. ಕತ್ತಿಗೆ ಗುರುತಿನ ಚೀಟೀನೂ ನೇತುಹಾಕೋ ಹಾಗಿಲ್ಲ."

"ಅಂದ್ರೆ ಇವತ್ತು ನೀನು ತಲೆ ನರ್ಸು. ಮತ್ತೆ ಕಾಲು ನರ್ಸು ಯಾವಾಗ?"

ತೆಸ್ಸಾಳಿಗೂ ಅದೇ ಸರಿಯಾಗಿ ಗೊತ್ತಿರಲಿಲ್ಲ. ಅವಳು ಓದುತ್ತಿದ್ದದ್ದು ದೇಹ, ಮನಸ್ಸು ಎರಡರ ನರ್ಸಿಂಗನ್ನೂ ಸೇರಿಸಿದ ಪದವಿ. ದೇಹದ ವಾರ್ಡಿನಲ್ಲಿ ಮುಟ್ಟು, ಅಳೆ, ಬೇಗ ಮಾಡು ಎನ್ನುತ್ತಿದ್ದರು. ಮನಸ್ಸಿನ ವಾರ್ಡಿನಲ್ಲಿ ಏನೂ ಮಾಡಬೇಡ, ಕೂತು ಕೇಳು, ರೋಗಿ ಆಡಿದ ಮಾತನ್ನೇ ಮೆತ್ತಗೆ ಅವನಿಗೆ ಹಿಂದಿರುಗಿಸು, ಮೌನ ಬಂದರೆ ಅದನ್ನು ತುಂಬಲು ಹೋಗಬೇಡ ಎನ್ನುತ್ತಿದ್ದರು. ಕೆಲವು ವಾರ ಅಲ್ಲಿ, ಕೆಲವು ವಾರ ಇಲ್ಲಿ. ಅವಳ ಕೈಗೂ ಬಾಯಿಗೂ ಪಾಳಿ ಬದಲಾದದ್ದು ಒಟ್ಟಿಗೆ ತಿಳಿಯುತ್ತಲೇ ಇರಲಿಲ್ಲ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಮುದುಕನೊಬ್ಬ ಬೆಡ್‌ಪ್ಯಾನ್ ಕೇಳಿದಾಗ, "ನಿಮಗೆ ಅದು ಬೇಕು ಅನ್ನಿಸ್ತಾ ಇದೆ, ಅಲ್ವಾ?" ಎಂದು ತಲೆ ವಾರೆ ಮಾಡಿ, ಮೌನವನ್ನು ತುಂಬದೆ ಕೂತಿದ್ದಳು. ಆಮೇಲೆ ತುಂಬಿದ್ದು ಹಾಸಿಗೆ.

ಮಾನಸಿಕ ಆರೋಗ್ಯದ ಪರೀಕ್ಷೆಯಲ್ಲಿ ಅವಳು ಈಗಾಗಲೇ ಒಮ್ಮೆ ನಪಾಸಾಗಿದ್ದಳು. ಪರೀಕ್ಷೆಗೆಂದೇ ರೋಗಿಯ ವೇಷದಲ್ಲಿ ಕೂರಿಸಿದ್ದ ನಟಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಇವಳು ಅವಳ ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದಿದ್ದಳು. ಇವತ್ತೂ ಹೋದರೆ ಸೇರಿಸಿದ ಪದವಿ ಕೈಬಿಟ್ಟಂತೆ. ತಲೆಯೋ ಕಾಲೋ, ಒಂದನ್ನು ಆರಿಸಿಕೊಳ್ಳಬೇಕು.

"ಕಾಲು ಅಂದ್ರೆ ನೆನಪಾಯ್ತು ನೋಡು," ಎಂದು ಅಜ್ಜಿ ಕಾಲುಚೀಲ ಜಾರಿಸಿದಳು. ಕಣಕಾಲು ಚೆನ್ನಾಗಿ ಹುದುಗು ಬಂದ ಬ್ರೆಡ್ಡಿನಂತೆ ಉಬ್ಬಿತ್ತು.

ಬೆಳಗಿನಿಂದ ಕೇಳಿಸಿಕೊಳ್ಳುವ ಪಾಠವನ್ನೇ ಉರು ಹೊಡೆದಿದ್ದ ತೆಸ್ಸಾ ಮುಂದೆ ಬಾಗಿದಳು. "ಈ ಊತದ ಬಗ್ಗೆ ನಿಮಗೆ ಏನನ್ನಿಸುತ್ತೆ?"

"ಊದಿಕೊಂಡಿದೆ ಅನ್ಸುತ್ತೆ ಕಣೇ! ಮೂರು ವರ್ಷ ಓದಿ ಇದನ್ನ ಕೇಳೋಕೆ ಬಂದ್ಯಾ?"

ತೆಸ್ಸಾ ನಾಚಿ, ಒದ್ದೆ ಕಾಲುದಾರಿಯಲ್ಲೇ ಮಂಡಿಯೂರಿ ಕಣಕಾಲನ್ನು ಒತ್ತಿ ನೋಡಿದಳು, ಕಾಲ್ಬೆರಳುಗಳನ್ನು ಅಲುಗಾಡಿಸಿದಳು, ಕಾಲು ಎತ್ತರಿಸಿಟ್ಟು ಕೂರಬೇಕು, ಇವತ್ತೇ ಡಾಕ್ಟರಿಗೆ ತೋರಿಸಬೇಕು ಎಂದಳು. ಅಜ್ಜಿಗೆ ತೃಪ್ತಿಯಾಯಿತು. ತೃಪ್ತಿಯಾದದ್ದೇ ತಪ್ಪಾಯಿತು.

"ವಿಲ್ಫ್! ಬಾರೋ ಇಲ್ಲಿ! ಹೇಗೂ ಬಂದಿದಾಳೆ, ನಮ್ಮೋನ ತಲೇನೂ ಒಂಚೂರು ನೋಡೇ. ಶನಿವಾರ ನಮ್ಮ ಫುಟ್‌ಬಾಲ್ ಟೀಮು ಸೋತಾಗಿಂದ ಬಾಯೇ ಬಿಟ್ಟಿಲ್ಲ."

ಅಜ್ಜಿಯ ಗಂಡ ವಿಲ್ಫ್ ತಾತ ಚಹಾದ ಮಗ್ಗು ಹಿಡಿದು ಬಾಗಿಲಿಗೆ ಬಂದು, ಗೋಡೆಗೆ ಆನಿಸಿಟ್ಟ ಏಣಿಯಂತೆ ನಿಂತ. ಆದರೆ ತೆಸ್ಸಾಳ ಕೈಗಳು ಈಗ ದೇಹದ ಪಾಳಿಯಲ್ಲಿದ್ದವು. ನಾಲಿಗೆ ಚಾಚಿಸಿ, ನಾಡಿ ಹಿಡಿದು, ಕಣ್ಣುರೆಪ್ಪೆ ಎಳೆದು ನೋಡಿದಳು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ.

"ಗೋಲ್‌ಕೀಪರ್‌ನ ಕಣ್ಣು ನೋಡಮ್ಮ," ಎಂದ ತಾತ. "ನಂದು ಚೆನ್ನಾಗಿದೆ."

"ಮಾತಾಡಿದ! ಮಾತಾಡಿದ!" ಎಂದು ಅಜ್ಜಿ ಚೀರಿದಳು. ಆ ಸಂಭ್ರಮಕ್ಕೆ ಮಗ್ಗು ಅಲುಗಿ ಅರ್ಧ ಚಹಾ ಹಳದಿ ಕಾರ್ಡಿಗನ್ನಿನ ಮೇಲೆ ಬಿತ್ತು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬಸ್ಸು ನಿಂತು, ಹೊರಟೇ ಹೋಯಿತು.

ತೆಸ್ಸಾ ಓಡಿದಳು. ಲ್ಯಾಂಕಶೈರಿನ ಜಿಟಿಜಿಟಿ ಮಳೆಯೂ ಜೊತೆಗೆ ಓಡಿತು. ಕಾಲೇಜು ಮುಟ್ಟುವಾಗ ಮಂಡಿಯಲ್ಲಿ ಕೆಸರು, ಎದೆಯ ಮೇಲೆ ಚಹಾ, ಕಾರ್ಡಿಗನ್ನಿನ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ ಕೂತಿದ್ದವು. ಕೂದಲು ಚಂಡಮಾರುತಕ್ಕೆ ಸಿಕ್ಕ ಹಕ್ಕಿಗೂಡಾಗಿತ್ತು. ಬಾಯಲ್ಲಿ ಮಾತ್ರ ಜಪ ನಡೆದಿತ್ತು: ಮುಟ್ಟಬೇಡ, ಅಳೆಯಬೇಡ, ಮೌನ ತುಂಬಬೇಡ.

ಬಾಗಿಲು ಕಾಯುತ್ತಿದ್ದ ಪೋರ್ಟರ್ ಅವಳನ್ನು ಒಮ್ಮೆ ನೋಡಿ ಧ್ವನಿಯನ್ನು ಬೆಣ್ಣೆ ಮಾಡಿಕೊಂಡ. "ಬನ್ನಿ ಬನ್ನಿ, ಏನೂ ಗಾಬರಿ ಬೇಡ. ನಿಮ್ಮನ್ನೇ ಕಾಯ್ತಾ ಇದಾರೆ."

ಇಷ್ಟು ತಡವಾದರೂ ಕಾಯುತ್ತಿದ್ದಾರೆ ಎಂದು ತೆಸ್ಸಾಳ ಕಣ್ಣು ತುಂಬಿ ಬಂತು. ಅವನು ತೋರಿಸಿದ ಬಾಗಿಲನ್ನು ತಳ್ಳಿ ಒಳಹೊಕ್ಕಳು.

ಕೋಣೆಯಲ್ಲಿ ಎರಡು ಕುರ್ಚಿ, ನಡುವೆ ಕಾಗದದ ಕರವಸ್ತ್ರಗಳ ಪೆಟ್ಟಿಗೆ. ಗೋಡೆಯ ದೊಡ್ಡ ಕನ್ನಡಿಯ ಹಿಂದೆ ಪರೀಕ್ಷಕಿ ಕೂತಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಒಂದು ಕುರ್ಚಿಯಲ್ಲಿ ಆಗಲೇ ಗುಂಡುಮುಖದ ಗಂಡಸೊಬ್ಬ ಕೂತಿದ್ದ. ಹಣೆಯಲ್ಲಿ ಬೆವರು, ತೊಡೆಯ ಮೇಲೆ ಬಿಗಿದ ಕೈಗಳು. ಎಂಥಾ ನಟ, ಬೆವರನ್ನೂ ನಿಜವಾಗಿ ತರಿಸುತ್ತಾನಲ್ಲ ಎಂದು ತೆಸ್ಸಾ ಬೆರಗಾದಳು.

"ನಾನು ತೆಸ್ಸಾ. ನಿಮ್ಮನ್ನ ಏನಂತ ಕರೀಲಿ?"

"ನಾನು ಲಯನೆಲ್," ಎಂದ ಅವನು ಮೃದುವಾಗಿ. "ನಿಮ್ಮನ್ನ ತೆಸ್ಸಾ ಅಂತಲೇ ಕರೀಬಹುದಾ?"

"ಕರೀರಿ. ಇವತ್ತು ಹೇಗಿದೀರಾ ಲಯನೆಲ್?"

"ನಾನು ಹೇಗಿದೀನಿ ಅಂತ ತಿಳ್ಕೋಬೇಕು ಅಂತ ನಿಮಗೆ ಅನ್ನಿಸ್ತಿದೆ."

ಗಟ್ಟಿ ರೋಗಿ, ಎಂದುಕೊಂಡಳು ತೆಸ್ಸಾ. "ಹಾಗೆ ಕೇಳಿದ್ದು ನಿಮಗೆ ಕಷ್ಟ ಆಯ್ತೇನೋ."

"ಕಷ್ಟದ ಬಗ್ಗೆ ಮಾತಾಡ್ಬೇಕು ಅಂತ ನಿಮಗಿದೆ."

"ನನಗಿದೆ ಅಂತ ನಿಮಗನ್ನಿಸ್ತಿದೆ."

"ನನಗೆ ಅನ್ನಿಸ್ತಿದೆ ಅಂತ ನಿಮಗೆ ಅನ್ನಿಸ್ತಿದೆ."

ಕ್ಷೌರದಂಗಡಿಯಲ್ಲಿ ಎದುರುಬದುರು ತೂಗುಹಾಕಿದ ಕನ್ನಡಿಗಳ ಹಾಗೆ ಮಾತು ಮಾತಿನೊಳಗೆ ಹೊಕ್ಕು ಎಲ್ಲೋ ದೂರದಲ್ಲಿ ಚಿಕ್ಕದಾಯಿತು. ತೆಸ್ಸಾ ಮುಂದೆ ಬಾಗಿದಳು. ಲಯನೆಲ್ಲನೂ ಬಾಗಿದ. ಅವಳು ಕರವಸ್ತ್ರದ ಪೆಟ್ಟಿಗೆಯನ್ನು ಅವನತ್ತ ಸರಿಸಿದಳು. ಅವನು ಕರುಣೆಯಿಂದ ಅದನ್ನು ಅವಳತ್ತ ಸರಿಸಿದ. ಪೆಟ್ಟಿಗೆ ಹೋಯಿತು, ಬಂತು, ಹೋಯಿತು. ಕೊನೆಗೆ ನಡುಮಧ್ಯದಲ್ಲಿ ನಿಂತಿತು, ಮೌನವೂ ಅಲ್ಲೇ ಕೂತಿತು.

ತಡೆಯಲಾರದೆ ತೆಸ್ಸಾಳ ಕೈ ಅವನ ಮಣಿಕಟ್ಟಿನ ಮೇಲೆ ಹೋಯಿತು. ನಾಡಿ ಕುದುರೆಯ ಹಾಗೆ ಓಡುತ್ತಿತ್ತು. ಕೆಳಗೆ ನೋಡಿದರೆ ಅವನ ಬೆರಳುಗಳೂ ಅವಳ ಇನ್ನೊಂದು ಮಣಿಕಟ್ಟಿನ ಮೇಲಿದ್ದವು. ಇಬ್ಬರೂ ಬೆಂಕಿ ತಾಗಿದವರಂತೆ ಕೈ ಹಿಂದೆಗೆದುಕೊಂಡರು.

ಲಯನೆಲ್ ಮತ್ತೆ ಮೌನಕ್ಕೆ ಇಳಿದ. ಅದು ದೊಡ್ಡ, ಬೆಚ್ಚನೆಯ, ಬಾಗಿಲು ತೆರೆದಿಟ್ಟ ಮೌನ. ತನ್ನ ಹುಟ್ಟಿನಿಂದ ಯಾರೂ ತನ್ನನ್ನು ಇಷ್ಟು ಹೊತ್ತು, ಇಷ್ಟು ಗಮನವಿಟ್ಟು ನೋಡಿಲ್ಲ ಎಂದು ತೆಸ್ಸಾಳಿಗೆ ತಟ್ಟನೆ ಹೊಳೆಯಿತು.

"ನಮ್ಮ ತಾತನ ಸೊಂಟ ಮುರಿದಿತ್ತು," ಎಂದುಬಿಟ್ಟಳು. "ಸೊಂಟ ಚೆನ್ನಾಗಿ ಕೂಡಿಸಿದ್ರು. ಆದ್ರೆ ಅವರು ಊಟ ಬಿಟ್ರು, ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಕೇಳಿದ್ರೆ, ಅದು ನಮ್ಮ ವಿಭಾಗ ಅಲ್ಲ ಅಂದ್ರು. ಮನಸ್ಸಿನ ವಿಭಾಗದವರು ಬಂದು, ಮೊದಲು ಸೊಂಟ ವಾಸಿಯಾಗ್ಲಿ ಅಂದ್ರು. ಇಬ್ಬರ ನಡುವೆ ತಾತ ಹೋಗಿಬಿಟ್ರು. ಅದಕ್ಕೇ ನಾನು ಎರಡೂ ಓದ್ತೀನಿ ಅಂದೆ. ಈಗ ನೋಡಿದ್ರೆ ನನಗೆ ಎರಡೂ ಬರಲ್ಲ! ನನಗೆ ಯಾವುದು ಕಾಲು ಯಾವುದು ತಲೆ ಅನ್ನೋದೇ ಗೊತ್ತಾಗ್ತಿಲ್ಲ!"

ಬಿಕ್ಕಿದಳು. ಲಯನೆಲ್ ಪೆಟ್ಟಿಗೆಯಿಂದ ಒಂದು ಕರವಸ್ತ್ರ ಎಳೆದು ಕೊಟ್ಟ. "ತಾತ ಅಂದ್ರೆ ನಿಮಗೆ ತುಂಬಾ ಇಷ್ಟ ಇತ್ತು," ಎಂದ. ಅಷ್ಟೇ. ಪರೀಕ್ಷೆ ಮುಗಿದ ಗಂಟೆ ಹೊಡೆಯಿತು.

ಕನ್ನಡಿಯ ಪಕ್ಕದ ಬಾಗಿಲು ತೆರೆದು ಬೇರೆ ಊರಿನಿಂದ ಬಂದಿದ್ದ ಪರೀಕ್ಷಕಿ ಮಿಸೆಸ್ ಬ್ರಾಡಾಕ್ ಕಣ್ಣೊರೆಸಿಕೊಳ್ಳುತ್ತ ಹೊರಬಂದರು.

"ಶಭಾಷ್ ಲಯನೆಲ್! ಪಾಸ್! ಮೌನ ಅಂದ್ರೆ ಹೀಗಿರ್ಬೇಕು." ಆಮೇಲೆ ತೆಸ್ಸಾಳ ಕೈ ಹಿಡಿದು ಕುಲುಕಿದರು. "ಮತ್ತೆ ನೀವು! ಬರಬೇಕಾಗಿದ್ದ ನಟಿಗೆ ಗಂಟಲು ಕಟ್ಟಿದೆ, ಬದಲಿಗೆ ಯಾರನ್ನೋ ಕಳಿಸ್ತೀವಿ ಅಂದಿದ್ರು. ಬಂದ ಕೂಡಲೇ ಒಳಗೆ ಬಿಡು ಅಂತ ಪೋರ್ಟರಿಗೂ ಹೇಳಿದ್ದೆ. ಆದ್ರೆ ಇಂಥಾ ಕಲಾವಿದೇನ ಕಳಿಸ್ತಾರೆ ಅಂದ್ಕೊಂಡಿರಲಿಲ್ಲ. ಆ ಚಹಾದ ಕಲೆ ಎಷ್ಟು ನಿಜ ಅನ್ನಿಸ್ತು!"

"ಕಲೆ ನಿಜಾನೇ ಮೇಡಂ," ಎಂದಳು ತೆಸ್ಸಾ ಸಣ್ಣ ದನಿಯಲ್ಲಿ. "ನಾನು ವಿದ್ಯಾರ್ಥಿನಿ. ತೆಸ್ಸಾ ಹಾರಪ್. ಇವರು ನನ್ನ ರೋಗಿ ಅಂತ..."

"ನಾನು ನಿಮ್ಮ ರೋಗೀನಾ?" ಲಯನೆಲ್ ಬಾಯಿ ತೆರೆದ. "ನಾನೂ ವಿದ್ಯಾರ್ಥಿ, ಇನ್ನೊಂದು ಕಾಲೇಜಿನವನು! ನನಗಿಂತ ಮೊದಲು ಪರೀಕ್ಷೆ ಇದ್ದವಳು ಬಂದಿಲ್ಲ, ಮುಂದಿನವನು ನೀನೇ ಹೋಗು ಅಂತ ಒಳಗೆ ಕಳಿಸಿದ್ರು!"

"ಆ ಬರದೇ ಇದ್ದವಳು ನಾನೇ."

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಮಿಸೆಸ್ ಬ್ರಾಡಾಕ್ ಸುರಿಸಿದ ಕಣ್ಣೀರನ್ನು ವಾಪಸ್ ಪಡೆಯುವ ದಾರಿ ಹುಡುಕುವವರಂತೆ ಮೂಗು ಒರೆಸಿಕೊಂಡರು.

"ನೋಡಮ್ಮ. ಅವನ ಎದುರಿಗೆ ಕೂತಿದ್ದವಳಿಗೆ ನಿಜವಾದ ಸಂಕಟ ಇತ್ತು, ಅವನು ಅದನ್ನ ಹೊರಗೆ ತಂದ. ಅವನು ಪಾಸ್, ಅದನ್ನ ನಾನು ಕಿತ್ಕೊಳ್ಳಲ್ಲ. ನಿನ್ನ ಎದುರಿಗಿದ್ದವನಿಂದ ನೀನೇನು ಹೊರಗೆ ತಂದೆ?"

"ನಾಡಿ ತುಂಬಾ ಜೋರಾಗಿತ್ತು ಮೇಡಂ."

"ಮುಟ್ಟಿದೆಯಾ? ದೇವರೇ! ಲಯನೆಲ್ ನಿನ್ನ ಕೈ ಹಿಡಿದು ಸಮಾಧಾನ ಮಾಡ್ತಿದಾನೆ ಅಂದ್ಕೊಂಡಿದ್ದೆ ನಾನು." ಅವರು ನಿಟ್ಟುಸಿರು ಬಿಟ್ಟರು. "ಹೋಗಲಿ. ಗೈರುಹಾಜರಿ ಅಂತ ಹಾಕ್ತೀನಿ, ನಪಾಸು ಅಂತ ಹಾಕಲ್ಲ. ಬರೋ ಗುರುವಾರ ಬಾ. ಅದೇ ಕೊನೇದು, ನೆನಪಿರಲಿ."

ತೆಸ್ಸಾಳ ಎದೆಯ ಮೇಲಿಂದ ಕಲ್ಲೊಂದು ಸ್ವಲ್ಪ ಸರಿಯಿತು. "ಅಷ್ಟರಲ್ಲಿ ಆ ನಟಿಯ ಗಂಟಲು ಸರಿಹೋಗುತ್ತಾ ಮೇಡಂ?"

"ಅವಳು ಇನ್ನೂ ಎರಡು ವಾರ ಮಾತಾಡೋ ಹಾಗಿಲ್ವಂತೆ. ಈಗ ಯಾರನ್ನ ಹುಡುಕಲಿ ನಾನು?"

"ನಾನು ಬರ್ತೀನಿ ಮೇಡಂ," ಎಂದ ಲಯನೆಲ್ ಕಳಕಳಿಯಿಂದ. "ಪಾಪ, ನನ್ನಿಂದ ಇವರಿಗೆ ತೊಂದರೆ ಆಯ್ತು. ಗುರುವಾರ ಇವರ ರೋಗಿ ನಾನೇ ಆಗ್ತೀನಿ."

"ಎಂಥಾ ಒಳ್ಳೆ ಮನಸ್ಸು!" ಎಂದು ಮಿಸೆಸ್ ಬ್ರಾಡಾಕ್ ಅವನ ಬೆನ್ನು ತಟ್ಟಿದರು. "ಆಯ್ತು, ಅದೇ ಖಾಯಂ."

ತೆಸ್ಸಾ ಪೆಟ್ಟಿಗೆಯಿಂದ ಇನ್ನೊಂದು ಕರವಸ್ತ್ರ ಎಳೆದುಕೊಂಡಳು.

ಲಯನೆಲ್ ಮುಂದೆ ಬಾಗಿದ, ತಲೆ ಸ್ವಲ್ಪ ವಾರೆ ಮಾಡಿದ, ಮೃದುವಾಗಿ ಕೇಳಿದ:

"ಗುರುವಾರದ ಬಗ್ಗೆ ನಿಮಗೆ ಏನೋ ಅನ್ನಿಸ್ತಾ ಇದೆ, ಅಲ್ವಾ?"