ಕಿವಿಯೊಳಗಿನ ಗುಂಡಿ ಮತ್ತು ಅಕ್ಕಲಕೋಟದ ಸೋಯರಿಕೆ

ಚಪ್ಪಲಿಗೆ ನಂಬರಿದೆ, ಅಂಗಿಗೆ ನಂಬರಿದೆ, ಬನಿಯನ್ನಿಗೂ ಇದೆ. ಅಂಗಡಿಯವನು ನಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ನಂಬರು ಹೇಳಿಬಿಡುತ್ತಾನೆ. ಕಿವಿಗೆ ಮಾತ್ರ ಯಾರೂ ನಂಬರು ಇಟ್ಟಿಲ್ಲ. ಜಗತ್ತಿನ ಕಿವಿಗಳೆಲ್ಲ ಒಂದೇ ಅಳತೆಯವು ಎಂದು ನಂಬಿದ ಮಹಾನುಭಾವನೊಬ್ಬ ಎಲ್ಲೋ ಕುಳಿತು ಕಿವಿಯೊಳಗೆ ತುರುಕಿಕೊಳ್ಳುವ ಇಯರ್‌ಫೋನ್ ಮಾಡಿದ. ಅವನಿಗೆ ಸೊಲ್ಲಾಪುರದಲ್ಲಿರುವ ನನ್ನ ಕಿವಿಗಳ ಪರಿಚಯವಿರಲಿಲ್ಲ. ನನ್ನ ಎಡಗಿವಿ ದೊಡ್ಡದು, ಬಲಗಿವಿ ಸಣ್ಣದು. ಸಾಲಿಯಲ್ಲಿ ಮಾಸ್ತರರು ಯಾವಾಗಲೂ ಎಡಗಿವಿಯನ್ನೇ ಹಿಂಡುತ್ತಿದ್ದುದರಿಂದ ಅದು ಬೆಳೆದಿರಬೇಕು ಎಂಬುದು ನನ್ನ ಅನುಮಾನ. ಇಪ್ಪತ್ತೆಂಟು ವರ್ಷ ಈ ಎರಡನ್ನೂ ಹೊತ್ತು ತಿರುಗಿದ್ದರೂ ಇವು ಜೋಡಿಯಲ್ಲ ಎಂಬುದು ನನಗೆ ತಿಳಿದದ್ದು ತೊಂಬತ್ತರ ದಶಕದ ನಡುವೆ, ಮುಂಬೈಯಲ್ಲಿದ್ದ ನಮ್ಮಣ್ಣ ನನಗೊಂದು ವಾಕ್‌ಮನ್ ತಂದುಕೊಟ್ಟ ಮೇಲೆ.

ತಲೆಯ ಮೇಲೆ ಕಮಾನಿನಂತೆ ಕೂರುವ ಹೆಡ್‌ಫೋನನ್ನು ನಮ್ಮ ಕಡೆಯ ಜನ ಆಗಲೇ ಕಂಡಿದ್ದರು. ಆದರೆ ವಾಕ್‌ಮನ್ನಿನ ಜೊತೆ ಬಂದ ಈ ಇಯರ್‌ಫೋನಿಗೆ ಕಮಾನೇ ಇರಲಿಲ್ಲ. ಸಣ್ಣ ತಂತಿ, ತುದಿಗೆ ಎರಡು ಗುಂಡಿ, ಅಷ್ಟೆ. ಎಡಗಿವಿಯಲ್ಲಿ ಗುಂಡಿ ನಿಲ್ಲುತ್ತಿರಲಿಲ್ಲ, ಬಲಗಿವಿಯಲ್ಲಿ ಹೊಗುತ್ತಿರಲಿಲ್ಲ. ಎಡಗಡೆಗೆ ಹತ್ತಿ ಸುತ್ತಿದೆ, ಬಲಗಡೆಗೆ ಕೊಬ್ಬರಿ ಎಣ್ಣೆ ಸವರಿದೆ. ಒಂದು ತಾಸಿನಲ್ಲಿ ಕಿವಿ ಕೆಂಪಾಗಿ ನೋಯತೊಡಗಿತು. ಇನ್ನು ಸಪ್ಪಳದ ವಿಚಾರ. ಹಾಡು ಹೊರಗಿನಿಂದ ಬರುವ ಬದಲು ನನ್ನ ತಲೆಯೊಳಗೇ ಯಾರೋ ಬಾಡಿಗೆಗೆ ಬಂದು ತಬಲಾ ಬಾರಿಸುತ್ತಿದ್ದಂತೆ ಕೇಳಿಸುತ್ತಿತ್ತು. ಅದರ ನಡುವೆ ಶೇಂಗಾ ಅಗಿದರೆ ಬಂಡೆ ಒಡೆದಷ್ಟು ಶಬ್ದ. ನನ್ನ ಮಾತು ಮಾತ್ರ ನನಗೆ ಕೇಳಿಸುತ್ತಲೇ ಇರಲಿಲ್ಲ. ಅದೇ ದೊಡ್ಡ ಹಾನಿ ಅನಿಸಿತು, ಏಕೆಂದರೆ ನನ್ನ ಮಾತು ಕೇಳುವುದು ನನಗೆ ಮೊದಲಿನಿಂದಲೂ ಇಷ್ಟ. ಆದ್ದರಿಂದ ಕೇಳುವಷ್ಟು ಜೋರಾಗಿ ಮಾತಾಡತೊಡಗಿದೆ.

ಆ ದಿನಗಳಲ್ಲಿ ನಾನು ಅಕ್ಕಲಕೋಟದ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ದಿನಾಲೂ ಸೊಲ್ಲಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಅಪ್-ಡೌನ್. ಅಪ್-ಡೌನ್ ಮಂದಿಯದು ಒಂದು ಬೇರೆ ಜಾತಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿಯುವುದು, ಒಂದೇ ಪತ್ರಿಕೆಯನ್ನು ಆರು ಜನ ಹಾಳೆ ಹಾಳೆ ಬಿಡಿಸಿಕೊಂಡು ಓದುವುದು, ದಾರಿಯುದ್ದಕ್ಕೂ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಸರಕಾರವನ್ನು ಬೀಳಿಸುವುದು ಅವರ ನೇಮ. ಸರಕಾರ ಬೀಳಿಸುವ ಕೆಲಸವನ್ನು ಹೆಚ್ಚಾಗಿ ನಾನೇ ಮಾಡುತ್ತಿದ್ದೆ. ನನ್ನ ಪಕ್ಕದ ಸೀಟು ಬಿರಾದಾರ ಮಾಸ್ತರರದು. ಅಕ್ಕಲಕೋಟದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಬಿಡುವಿನ ವೇಳೆಯಲ್ಲಿ ಮದುವೆ ಕೂಡಿಸುತ್ತಿದ್ದರು. ನನಗೂ ಅಲ್ಲಿಯದೇ ಒಂದು ಕನ್ಯೆ ತೋರಿಸಿದ್ದರು. ಹೆಸರು ಸುನಂದಾ.

ಕನ್ಯೆ ನೋಡಲು ಹೋದ ದಿನ ನಾನು ನನ್ನ ಕಚೇರಿಯ ಬಗ್ಗೆ, ಕುರನೂರ ಅಣೆಕಟ್ಟಿನ ನೀರಿನ ಬಗ್ಗೆ, ದೇಶದ ಆರ್ಥಿಕ ಸ್ಥಿತಿಯ ಬಗ್ಗೆ ಒಂದು ತಾಸು ಮಾತಾಡಿದೆ. ಹುಡುಗಿ ಒಂದು ಸಲವೂ ಆಕಳಿಸಲಿಲ್ಲ. ನಾನು ಅಷ್ಟಕ್ಕೇ ಮರುಳಾದೆ. ಖರೇ ಹೇಳುತ್ತೇನೆ, ಆಮೇಲೆ ಎಂಟು ದಿನ ಊಟ ರುಚಿಸಲಿಲ್ಲ. ತಂದೆ ಇಲ್ಲದ ಆ ಹುಡುಗಿಯ ಪರವಾಗಿ ಎಲ್ಲವನ್ನೂ ನಿರ್ಧರಿಸುವವರು ಅವಳ ಸೋದರಮಾವ ಸಿದ್ರಾಮಪ್ಪ, ಜೋಳದ ವ್ಯಾಪಾರಿ. ಅವರು ಪರವೂರಿಗೆ ಹೋಗಿದ್ದರು. ಬಂದು ಹುಡುಗನನ್ನು ಒಮ್ಮೆ ನೋಡಿ ಹೂಂ ಅಂದರೆ ಸೋಯರಿಕೆ, ಅಂದರೆ ಮದುವೆಯ ಸಂಬಂಧ, ಗಟ್ಟಿ ಎಂದು ಮಾಸ್ತರರು ಹೇಳಿದ್ದರು.

ಇಯರ್‌ಫೋನ್ ಬಂದದ್ದು ಅದೇ ವಾರ. ಬಸ್ಸಿನಲ್ಲಿ ಅದನ್ನು ಹಾಕಿಕೊಂಡು ಕುಳಿತರೆ ರೂಢಿಯಾದೀತು ಎಂದು ನಾನು ದಿನಾಲೂ ಹಾಕಿಕೊಂಡೆ. ನಮ್ಮ ಕಡೆ ಆಗ ಕಿವಿಯಿಂದ ಅಂಗಿಯ ಕಿಸೆಗೆ ತಂತಿ ಇಳಿಬಿಟ್ಟುಕೊಂಡವರು ಒಂದೇ ನಮೂನೆಯ ಜನ, ಕಿವುಡರು. ಕಿಸೆಯಲ್ಲಿ ಬೆಂಕಿಪೊಟ್ಟಣದಂಥ ಮಶೀನು, ಕಿವಿಯಲ್ಲಿ ಗುಂಡಿ. ಇದು ಇಡೀ ತಾಲೂಕಿಗೆ ಗೊತ್ತಿದ್ದ ಸಂಗತಿ, ನನ್ನ ತಲೆಗೆ ಮಾತ್ರ ಹೊಳೆಯಲಿಲ್ಲ. ಬಿರಾದಾರ ಮಾಸ್ತರರು ಒಂದು ದಿನ ನನ್ನ ಭುಜ ತಟ್ಟಿ, ತಾವೇ ನನ್ನ ಕಿವಿಯ ಗುಂಡಿ ತೆಗೆದು, ಬಹಳ ಮರುಕದಿಂದ, "ಯಾವಾಗಿಂದ ಹಚ್ಚಾಕತ್ತೀಪಾ ಇದನ್ನ?" ಎಂದು ಕೇಳಿದ್ದರು. "ಎಂಟ ದಿವಸ ಆತ್ರಿ ಸರ. ಇನ್ನೂ ರೂಢಿ ಆಗವಲ್ದು, ಕಿವಿ ಭಾಳ ನೋಯ್ತಾವ" ಎಂದು ನಾನು ಹೇಳಿದ್ದೆ. ಅವರು ಕಣ್ಣು ಒರೆಸಿಕೊಂಡರು. ಧೂಳು ಬಿದ್ದಿರಬೇಕು ಅಂದುಕೊಂಡೆ.

ಮರುದಿನವೋ ಅದರ ಮರುದಿನವೋ ಸಿದ್ರಾಮಪ್ಪ ಮಾವ ದಾರಿಯ ವಳಸಂಗದಲ್ಲಿ ಅದೇ ಬಸ್ಸು ಹತ್ತಿದರಂತೆ. ಮಾಸ್ತರರು ನನ್ನ ಪಕ್ಕದಿಂದ ಎದ್ದು ಹಿಂದೆ ಹೋಗಿ, ದೂರದಿಂದಲೇ ನನ್ನನ್ನು ತೋರಿಸಿದರಂತೆ. ಮಾವ ಹಿಂದಿನ ಸೀಟಿನಿಂದ "ಅಹೋ ಪಾವ್ಹಣೆ", ಓ ಬೀಗರೇ, ಎಂದು ಮರಾಠಿಯಲ್ಲಿ ಎರಡು ಸಲ ಕೂಗಿದರೂ ನಾನು ತಿರುಗಲಿಲ್ಲವಂತೆ. ಅಷ್ಟರಲ್ಲಿ ಕಂಡಕ್ಟರ್ ಬಂದು ಕೈಯೊಡ್ಡಿದ. ಪಾಸಿದೆ ಎಂದು ನಾನು ಹೇಳಿದ ರೀತಿಗೆ ಇಡೀ ಬಸ್ಸು ತಿರುಗಿ ನೋಡಿತು, ಒಂದು ಕೂಸು ಎದ್ದು ಅಳತೊಡಗಿತು. ಆಮೇಲೆ ಮಾವ ತಂತಿಯನ್ನು ಕಿವಿಯಿಂದ ಕಿಸೆಯ ತನಕ ಕಣ್ಣಿನಿಂದಲೇ ಅಳೆದರಂತೆ. ಇಷ್ಟೂ ನನಗೆ ಗೊತ್ತಾದದ್ದು ಸಂಜೆ ಮಾಸ್ತರರು ನಮ್ಮ ಮನೆಗೆ ಬಂದಾಗ.

"ಅವ್ವಾರ, ಹುಡುಗನ ಕಿವಿದು ಮೊದಲ ಹೇಳಬೇಕಿತ್ತಲ್ರಿ. ನಾ ಅವರ ಮುಂದ ಹೆಂಗ ಮಾರಿ ತೋರಿಸ್ಲಿ?" ಎಂದರು. ಅವ್ವನಿಗೆ ತಲೆಬುಡ ತಿಳಿಯಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿದ್ದಾಗಲೇ ಸುನಂದಾ ನೆನಪಾದಳು, ನಗೆ ಅಲ್ಲೇ ನಿಂತಿತು. ವಾಕ್‌ಮನ್ ತೆಗೆದು ಮಾಸ್ತರರ ಕಿವಿಗೇ ಹಚ್ಚಿ ಹಾಡು ಕೇಳಿಸಿದೆ. ಅವರಿಗೆ ನಂಬಿಕೆ ಬಂತು. ಆದರೆ ವ್ಯಾಪಾರಿಗೆ ನಂಬಿಕೆ ಬರಬೇಕಲ್ಲ. "ಅವರು ಜ್ವಾಳದ ಚೀಲದ ಬುಡಕ್ಕ ಕೊಳವಿ ಚುಚ್ಚಿ ಕಾಳ ತಗದು ನೋಡಾವ್ರು. ಮಾಲಿನ ಮಾಲಕ ಹೇಳಿದ್ದು ಅವರಿಗೆ ಕಿಮ್ಮತ್ತಿಲ್ಲ. ರವಿವಾರ ಕರಕೊಂಡ ಬರ್ತೀನಿ, ಅವರೇ ಪರೀಕ್ಷಾ ಮಾಡ್ಲಿ" ಎಂದು ಹೇಳಿ ಹೋದರು.

ರವಿವಾರ ಮಾವ ಬಂದರು. ದಪ್ಪ ಮೀಸೆ, ಬಿಳಿ ಟೋಪಿ, ಮಾತು ಕಡಿಮೆ. ನನಗೆ ಎದುರಾಗಿ ಹಾಸಿದ್ದ ಚಾಪೆ ಬಿಟ್ಟು, ನನ್ನ ಬೆನ್ನ ಹಿಂದೆ ಗೋಡೆಗೆ ಒರಗಿ ಕುಳಿತರು. ಸೆಕೆಗೆ ಹಾಗೆ ಕುಳಿತಿರಬೇಕೆಂದು ನಾನು ತಿಳಿದೆ. ಅವ್ವ ಚಹಾ ಮಾಡಲು ಒಳಗೆ ಹೋದಳು. ನಾನು ಮಾತ್ರ ಹಿಂದಿನ ರಾತ್ರಿಯೇ ನಿರ್ಧಾರ ಮಾಡಿದ್ದೆ. ಬರೇ ಹಾಡು ಕೇಳಿಸಿದರೆ ಸಾಲದು, ಶಾಸ್ತ್ರೀಯವಾಗಿ ತಿಳಿಸಿಹೇಳಬೇಕು. ವಾಕ್‌ಮನ್ನಿನ ಮುಚ್ಚಳ ತೆಗೆದು ಕ್ಯಾಸೆಟ್ ತಿರುಗುವುದರಿಂದ ಶುರು ಮಾಡಿದೆ. ಎಡಗಡೆಯ ಸಪ್ಪಳ ಬೇರೆ, ಬಲಗಡೆಯದು ಬೇರೆ, ಎರಡೂ ತಲೆಯೊಳಗೆ ಹೇಗೆ ಕೂಡುತ್ತವೆ ಎಂದು ವಿವರಿಸಿದೆ. ನನ್ನ ಕಿವಿಗಳ ಅಳತೆಯ ವ್ಯತ್ಯಾಸವನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಂಡೆ. ಅಲ್ಲಿಂದ ಮನುಷ್ಯನ ಕಿವಿಯ ರಚನೆಗೆ, ಅಲ್ಲಿಂದ ಪರದೇಶದ ಕಾರಖಾನೆಗಳಿಗೆ, ಅಲ್ಲಿಂದ ನಮ್ಮ ದೇಶ ಏಕೆ ಹಿಂದುಳಿಯಿತು ಎಂಬಲ್ಲಿಗೆ ಬಂದೆ. ಮಾಸ್ತರರು ನನ್ನೆದುರು ಕುಳಿತು ಕಣ್ಣು, ಹುಬ್ಬು, ಕೈ ಎಲ್ಲವನ್ನೂ ಕುಣಿಸುತ್ತಿದ್ದರು. ವಿಷಯ ಅವರಿಗೆ ಅಷ್ಟು ಹಿಡಿಸಿದ್ದು ಕಂಡು ನನಗೆ ಇನ್ನಷ್ಟು ಹುರುಪು ಬಂತು.

ಅಷ್ಟರಲ್ಲಿ ಅವ್ವ ಒಳಗಿನಿಂದ ನೀರಿನ ತಂಬಿಗೆ ಹಿಡಿದುಕೊಂಡು ಓಡಿಬಂದು ಮಾವನ ಮುಂದಿಟ್ಟಳು. ಮಾವ ನೀರು ಕುಡಿದರು, ಚಹಾ ಕುಡಿದರು, ಎದ್ದರು. ಬಾಗಿಲಲ್ಲಿ ನನ್ನ ಎಡಗಿವಿಯ ಹತ್ತಿರ ಬಾಯಿ ತಂದು, "ಬರ್ತೀವ್ರಿ, ತಬ್ಬೇತ ಸಂಬಾಳಿಸ್ರಿ" ಎಂದು ನನ್ನ ಆರೋಗ್ಯದ ಕಾಳಜಿಯನ್ನು ಊರಿಗೆ ಕೇಳುವಂತೆ ಕೂಗಿ ಹೋದರು.

"ನೋಡಿದೀ ಅವ್ವಾ, ಹೆಂಗ ತಿಳಿಸಿ ಹೇಳಿದೆ?" ಎಂದೆ.

ಅವ್ವ ತಂಬಿಗೆಯನ್ನು ಕುಕ್ಕಿ ಇಟ್ಟಳು. "ನಿನ್ನ ಬೆನ್ನಿಗೇ ಕುಂತು ಆ ಮನಷ್ಯಾ ಮೂರ ಸಲ ನೀರ ಬೇಡಿದ. ಅಡಗಿ ಮನಿಯಾಗ ಸ್ಟೋವ್ ಸಪ್ಪಳದಾಗ ನನಗ ಕೇಳಸ್ತು. ನಿನಗ ಕೇಳಸ್ಲಿಲ್ಲ."

ಆಮೇಲಿನ ಹದಿನೈದು ದಿನ ನಾನು ಅನುಭವಿಸಿದ್ದು ನನಗೇ ಗೊತ್ತು. ಇಯರ್‌ಫೋನನ್ನು ಟ್ರಂಕಿನ ತಳದಲ್ಲಿ ಹಾಕಿದೆ. ಬಸ್ಸಿನಲ್ಲಿ ಯಾರು ಏನು ಪಿಸುಗುಟ್ಟಿದರೂ "ಹಾಂ, ಕೇಳಿಸ್ತರಿ" ಎನ್ನುತ್ತಿದ್ದೆ. ಗಂಡ ಹೆಂಡತಿ ತಮ್ಮೊಳಗೆ ಮಾತಾಡಿಕೊಂಡದ್ದಕ್ಕೂ ಹಾಗೆ ಅಂದು ಒಮ್ಮೆ ಬೈಸಿಕೊಂಡೆ. ತಂತಿಯಿಲ್ಲದ ನನ್ನನ್ನು ಕಂಡು ಅಪ್-ಡೌನ್ ಮಂದಿ, ಪಾಪ, ಮಶೀನು ಕೆಟ್ಟಿರಬೇಕು ಎಂದು ಇನ್ನೂ ಜೋರಾಗಿ ಮಾತಾಡಿಸಿದರು. ಸುನಂದಾ ಬೇರೆ ಯಾರದೋ ಮನೆ ಸೇರುತ್ತಾಳೆ ಎಂದುಕೊಂಡಾಗಲೆಲ್ಲ ತಾಟಿನಲ್ಲಿನ ರೊಟ್ಟಿ ಹಾಗೇ ಬಿಟ್ಟು ಏಳುತ್ತಿದ್ದೆ.

ಕೊನೆಗೆ ಮಾಸ್ತರರು ಪೇಢೆ ಹಿಡಿದುಕೊಂಡು ಬಂದರು. "ಮಾವ ಬ್ಯಾಡ ಅಂದ್ರು. ಹುಡುಗಿ ತಾನ ಹೂಂ ಅಂದಾಳ." ಮಾವನ ಕರಾರು ಒಂದೇ ಇತ್ತು, ಅಕ್ಷತೆಯ ಹೊತ್ತಿಗೆ ಮಶೀನು ನಾಲ್ಕು ಮಂದಿಗೆ ಕಾಣಬಾರದು, ರುಮಾಲಿನೊಳಗೆ ಇರಲಿ. ನಾನು ಅದಕ್ಕೂ ತಲೆಯಾಡಿಸಿದೆ. ಸ್ವಾಭಿಮಾನಕ್ಕಿಂತ ಸುನಂದಾ ಹೆಚ್ಚು ಅನಿಸಿದ್ದು ಅವತ್ತು. ಮದುವೆಯಲ್ಲಿ ಅವಳ ಕಡೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಬಂದು ನನ್ನ ಕಿವಿಯಲ್ಲಿ ಕೂಗಿ ಹರಸಿದರು. ಎರಡು ದಿನ ನಿಜವಾಗಿಯೂ ಏನೂ ಕೇಳಿಸಲಿಲ್ಲ.

ಮದುವೆಯಾಗಿ ಒಂದು ವರ್ಷದ ಮೇಲೆ ಒಮ್ಮೆ ನಾನು ಬಹಳ ಗತ್ತಿನಿಂದ ಸುನಂದಾಗೆ ಹೇಳಿದೆ: ನಿನ್ನ ನಸೀಬು ನೋಡು, ಕಿವುಡ ಅಂತ ಒಪ್ಪಿದಿ, ಎರಡೂ ಕಿವಿ ಗಟ್ಟಿ ಇರುವ ಗಂಡ ಸಿಕ್ಕ.

ಅವಳು ಶೇಂಗಾ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅವಾಗ ಎರಡು ದಿವಸ ವಿಚಾರ ಮಾಡಿದ್ದೆರಿ. ಕಿವುಡ ಇದ್ರ ಏನಾತು, ಜೋರಾಗಿ ಹೇಳಿದ್ರಾತು, ಇಲ್ಲಂದ್ರ ಬರದು ತೋರಿಸಿದ್ರಾತು ಅಂತ ಮನಸು ಗಟ್ಟಿ ಮಾಡ್ಕೊಂಡು ಬಂದೆ. ಕಿವಿ ಗಟ್ಟಿ ಇದ್ದವರಿಗೆ ಹೆಂಗ ಹೇಳ್ಬೇಕು ಅನ್ನೂದು ಮಾತ್ರ ಇನ್ನೂ ತಿಳಿವಲ್ದು."

ಇದಕ್ಕೆ ನಾನು ತಕ್ಕ ಉತ್ತರ ಕೊಟ್ಟೆ. ಸವಿಸ್ತಾರವಾಗಿ, ಉದಾಹರಣೆ ಸಮೇತ, ಸುಮಾರು ಒಂದು ತಾಸು ಕೊಟ್ಟೆ. ನಡುವೆ ಅವಳು ಇನ್ನೂ ಏನೋ ಹೇಳಿದಳು. ಏನು ಹೇಳಿದಳೆಂದು ನನಗೆ ನೆನಪಿಲ್ಲ.