ಮೇಲಿನ ಬೋಲ್ಟು, ಕೆಳಗಿನ ಬೋಲ್ಟು

“ನೋಡಿ ಯಜಮಾನ್ರೇ, ವ್ಯಾನಿನ ಹಿಂದಿನ ಎರಡು ಚಕ್ರದ ಮಧ್ಯೆ ಕುಂಬಳಕಾಯಿ ಥರಾ ಗುಂಡಗಿದೆಯಲ್ಲ, ಅದೇ ಡಿಫರೆನ್ಷಿಯಲ್. ಕುಂಯ್‌ಗುಡ್ತಿರೋದು ಅದೇ. ಒಳಗಿನ ಎಣ್ಣೆ ಸತ್ತುಹೋಗಿದೆ. ಇಂಜಿನ್ನಿಗೆ ಹಾಕೋ ಎಣ್ಣೆ ತರಬೇಡಿ. ಹಳೇ ಗಾಡಿ, ಎಂಬತ್ತು-ತೊಂಬತ್ತು ನಂಬರಿನ ಗೇರ್ ಆಯಿಲ್ಲೇ ಬೇಕು. ಮೊದಲು ಮೇಲಿನ ಬೋಲ್ಟ್ ಬಿಚ್ಚಿ. ಅದು ಬಿಚ್ಚಿದ್ರೆ ಮಾತ್ರ ಕೆಳಗಿನದಕ್ಕೆ ಕೈ ಹಾಕಿ, ಹಳೇದು ಸುರಿದುಹೋಗ್ಲಿ. ಆಮೇಲೆ ಮೇಲಿನ ತೂತಿಂದ ತುಳುಕೋವರೆಗೂ ಹೊಸದು ತುಂಬಿ.”

ಮೆಕ್ಯಾನಿಕ್ ಇಷ್ಟು ಹೇಳುವಾಗ ನಮ್ಮ ಯಜಮಾನರು ತಲೆಯಾಡಿಸುತ್ತಾ ಗಡಿಯಾರ ನೋಡುತ್ತಿದ್ದರು. ಕೇಳಿಸಿಕೊಂಡವಳು ನಾನು. (ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಕಿವಿಯೇ ಪುಸ್ತಕ.)

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಮರುದಿನ ಬೆಳಿಗ್ಗೆ ಏಳಕ್ಕೆ ಲಾಡ್ಜಿಗೆ ಅರವತ್ತು ಬೆಡ್‌ಶೀಟು ತಲುಪಬೇಕಿತ್ತು. ತಪ್ಪಿದರೆ ಆ ಕೆಲಸ ಎದುರು ಬೀದಿಯ ಅಂಗಡಿಯವರ ಪಾಲು.

ಊಟವಾದ ಮೇಲೆ ಯಜಮಾನರು ವ್ಯಾನಿನಡಿ ತೂರಿದರು. ಸ್ಪ್ಯಾನರ್ ನೇರ ಕೆಳಗಿನ ಬೋಲ್ಟಿಗೇ ಹೋಯಿತು.

“ರೀ, ಮೇಲಿನದು ಮೊದಲು ಅಂದ್ರಲ್ಲ…”

“ಸುಮ್ನಿರೇ! ನಲವತ್ತು ವರ್ಷದಿಂದ ಗಾಡಿ ಓಡಿಸ್ತಿರೋನು ನಾನು. ನೀನು ಇಸ್ತ್ರಿಪೆಟ್ಟಿಗೆಗೆ ಬುದ್ಧಿ ಹೇಳು ಹೋಗು!”

ಎರಡನೇ ಸಲ ಹೇಳಬಹುದಿತ್ತು. ಹೇಳಲಿಲ್ಲ. ‘ನಾನು ಆಗಲೇ ಹೇಳಿರಲಿಲ್ಲವಾ’ ಎನ್ನುವ ಮಾತಿನ ರುಚಿ, ಮದುವೆಯಾದವರಿಗೆ ಗೊತ್ತು. ಆ ಪರಮಾನಂದಕ್ಕಾಗಿ ಸ್ಟೂಲು ಎಳೆದುಕೊಂಡು ಕೂತೆ.

ಡಾಂಬರಿನಂಥ ಎಣ್ಣೆ, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ ಬಕೆಟ್ಟಿಗಿಳಿಯಿತು. ಆಮೇಲೆ ಹೊಸದು ತುಂಬಲು ಮೇಲಿನ ಬೋಲ್ಟು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಡಿದರು, ಬೈದರು, ಎರಡೂ ಕೈಯಲ್ಲಿ ಎಳೆದರು. ಬೋಲ್ಟು ಅಲುಗಲಿಲ್ಲ, ಅವರ ಸೊಂಟ ಅಲುಗಿತು.

“ಅಯ್ಯಯ್ಯೋ! ಹಿಡ್ಕೊಂಡ್ತು ಕಣೇ!”

“ನಾನು ಆಗ್ಲೇ ಹೇಳಿರ್ಲಿಲ್ವಾ?” ಎಂದೆ. ಆಹಾ!

ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. “ನಾಳೆ ಮಧ್ಯಾಹ್ನ ಬರ್ತೀನಮ್ಮಾ. ಎಣ್ಣೆಯಿಲ್ದೆ ಒಂದು ಮಾರೂ ಓಡಿಸ್ಬೇಡಿ, ಒಳಗಿನ ಗೇರಿನ ಹಲ್ಲೆಲ್ಲಾ ಪುಡಿಯಾಗುತ್ತೆ. ಅಲ್ಲಾ, ನೀವು ಕೇಳಿಸ್ಕೊಂಡಿದ್ರಲ್ಲಾ, ಇನ್ನೊಂದ್ಸಲ ಹೇಳೋಕೇನಾಗಿತ್ತು?”

ಫೋನಿಟ್ಟು ನೀರು ಕಾಯಿಸಲು ಹೋದೆ.

ಬೆಳಿಗ್ಗೆ ಆರಕ್ಕೆ ಯಜಮಾನರು ಸೊಂಟದಡಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಎಂದೂ ಇಲ್ಲದ ಮೃದು ದನಿ: “ನೀನು ಹೇಳಿದ್ದೇ ಸರಿ ಕಣೇ. ಲಾಡ್ಜು ನಾಲ್ಕೇ ಬೀದಿ ಅಲ್ವಾ? ಹೊತ್ಕೊಂಡು ನಿಧಾನಕ್ಕೆ ಹೋಗ್ಬಾ.”

ಶೀಟುಗಳನ್ನು ಹತ್ತತ್ತರಂತೆ ಆರು ಗಂಟು ಕಟ್ಟಿದೆ. ಮೊದಲನೆಯದನ್ನು ತಲೆಗೇರಿಸಿ ಬೀದಿಗಿಳಿದೆ.