ಬಣವೆ ಹತ್ತಿದ ನೆಟ್ಟು, ಬೀರು ಸೇರಿದ ನೆಟ್ಟು

ಬೇರೆಯವರ ಮನೆಗೆ ನೆಟ್ಟು ಸುಮ್ನೆ ಬಂದು ಕೂರ್ತದೆ. ನಮ್ಮನೆಗೆ ಮಾತ್ರ ಒಂದೊಂದು ಅವತಾರ ಎತ್ತಿಕೊಂಡು ಬರ್ತದೆ. ನಮ್ಮೂರು ಶಿವನಿ ಹತ್ರ. ರೈಲಿನ ಕೂಗು ಕೇಳಿಸ್ತದೆ, ಫೋನಿನ ಕೂಗು ಕೇಳಿಸಲ್ಲ. ಬುಕ್ಕಾಂಬುಧಿ ಕೆರೇನ ಒಂದೇ ಉಸಿರಲ್ಲಿ ಈಜಿದ ಗಂಡಸು ನಾನು. ಅಂಥವನನ್ನೂ ಈ ನೆಟ್ಟು ಮುಳುಗಿಸಿಬಿಡ್ತು.

ನಮ್ಮನೆಯವಳಿಗೆ ಮೂವರು ತಂಗಿಯರು. ಒಬ್ಬಳು ಕಡೂರು, ಒಬ್ಬಳು ತರೀಕೆರೆ, ಒಬ್ಬಳು ಅಜ್ಜಂಪುರ. ಸೋಮವಾರ ಸಂಜೆ ನಾಲ್ವರೂ ಫೋನಿನಲ್ಲಿ ಮುಖ ನೋಡ್ಕಂಡು ಮಾತಾಡಬೇಕು. ತಂಗಿಯರ ಮುಖ ಕುಣೀತಿರ್ತವೆ, ನಮ್ಮವಳದ್ದು ಬಾಯಿ ತೆರೆದು ನಿಂತುಬಿಡ್ತದೆ. ತರೀಕೆರೆಯವಳು ಆ ನಿಂತ ಬಾಯಿಯ ಫೋಟೊ ಹಿಡಿದು ನೆಂಟರಿಗೆಲ್ಲ ಕಳಿಸಿದ್ಲು.

“ನಲವತ್ತು ವರ್ಷ ನನ್ನ ಕೈಲಿ ಆಗದ್ದನ್ನ ಒಂದು ಸಿಮ್ಮು ಮಾಡ್ತಲ್ಲೇ!” ಅಂದೆ. ಅಂದಿದ್ದೇ ತಪ್ಪಾಯ್ತು.

“ಯುಗಾದಿಯೊಳಗೆ ಒಳ್ಳೆ ನೆಟ್ಟು ತರಿಸಿ. ಇಲ್ಲಾಂದ್ರೆ ಹಿರೇನಲ್ಲೂರಿಗೆ ಹೋಗ್ತೀನಿ. ನಮ್ಮಣ್ಣನ ಮನೇಲಿ ತಂತೀಲಿ ಬರೋ ನೆಟ್ಟೈತೆ” ಅಂದ್ಲು.

ಈ ವಯಸ್ಸಲ್ಲಿ ಹೆಂಡ್ತಿ ತವರು ಸೇರಿದ್ರೆ ಊರು ಏನಂದೀತು? ಅದಿರ್ಲಿ, ಮುದ್ದೆ ಯಾರು ತಿರುವ್ತಾರೆ?

೧. ಬಣವೆ

ಸಿಮ್ಮಿನ ಸಿಗ್ನಲ್ಲು ಸಿಗೋದು ರಾಗಿಹುಲ್ಲಿನ ಬಣವೆ ನೆತ್ತಿ ಮೇಲೆ ಮಾತ್ರ. ಏಣಿ ಹಾಕಿ ಹತ್ತಿಸಿದೆ. ಇವಳು ಮಾತಿಗೆ ಕೂತ್ಲು. ಕೆಳಗೆ ನಮ್ಮ ಎಮ್ಮೆ ಹಗ್ಗ ಬಿಚ್ಕಂಡು ಬಂದು ಬಣವೆ ಬುಡಕ್ಕೆ ಬಾಯಿ ಹಾಕ್ತು. ಕಡೂರಿನವಳ ಸುದ್ದಿ ಮುಗಿಯೋ ಹೊತ್ತಿಗೆ ಬಣವೆ ಸೊಂಟದ ಮಟ್ಟಕ್ಕೆ ಇಳೀತು. ತರೀಕೆರೆಯವಳು ಸೊಸೆ ಸುದ್ದಿ ಎತ್ತೋ ಹೊತ್ತಿಗೆ ಇವಳು ನೆಲದ ಮೇಲೆ ಕೂತಿದ್ಲು. ಸುಳ್ಳಲ್ಲ, ಎಮ್ಮೆ ಇನ್ನೂ ಮೆಲುಕು ಹಾಕ್ತೈತೆ.

“ರೀ, ಸೊಸೆ ಏನು ಮಾಡಿದ್ಲು ಅನ್ನೋ ಹೊತ್ತಿಗೆ ಕಟ್ಟಾಗೋಯ್ತು!”

“ಎಮ್ಮೇನ ಕೇಳೇ, ಉಳಿದಿದ್ದೆಲ್ಲ ಅದೇ ನುಂಗಿರೋದು.”

೨. ಗರಿ

ಆಮೇಲೆ ಒಬ್ಬ ಬಂದು ಮಾಳಿಗೆ ಮೇಲೆ ತಟ್ಟೆಯಂಥದ್ದು ಕೂರಿಸಿದ. ಅದು ದೂರದ ಟವರನ್ನ ನೇರ ನೋಡ್ಬೇಕಂತೆ. ನಡುವೆ ನಮ್ಮ ತೆಂಗಿನಮರದ ಗರಿ ಅಡ್ಡ. ಗಾಳಿ ಬೀಸಿದ್ರೆ ಮಾತು, ನಿಂತ್ರೆ ಮೌನ. ಸೋಮವಾರ ಗರಿಗೆ ಹಗ್ಗ ಕಟ್ಟಿ, ನಾಲ್ಕಾಳು ಎಳೆಯೋದನ್ನ ಒಬ್ಬನೇ ಎಳೆದು ಹಿಡಿದೆ.

“ಅಕ್ಕ, ಬಾವ ಯಾಕೆ ಹಗ್ಗ ಹಿಡ್ಕಂಡವ್ರೆ? ಎಮ್ಮೆ ಓಡೋಗ್ತಿತ್ತಾ?” ಅಜ್ಜಂಪುರದವಳು ಕೇಳಿದ್ಲು.

“ಇಲ್ಲ ಕಣೇ, ನಿನ್ನ ಮುಖ ಓಡೋಗ್ತಿತ್ತು” ಅಂದೆ.

ಇದಾಗಲ್ಲ ಅಂತ ತಟ್ಟೆಯವನು ಅದನ್ನ ಬಿಚ್ಚಿಕೊಂಡು ಹೋಗುವಾಗ, “ಇನ್ನೊಂದೈತೆ ಅಜ್ಜ, ನೇರ ಆಕಾಶದಿಂದಲೇ ಬರ್ತದೆ” ಅಂದ.

“ಅಲ್ಲಿಂದ ಮಳೇನೇ ನೆಟ್ಟಗೆ ಬರಲ್ಲ, ನೆಟ್ಟು ಬತ್ತದಾ? ಹೋಗಪ್ಪಾ” ಅಂದೆ.

೩. ಬೀರು

ಕೊನೆಗೆ ತಂತಿ ನೆಟ್ಟೇ ಗತಿಯಾಯ್ತು. ತಂತಿಯವನು ಕಂಬದಿಂದ ಎಳೆದು ತಂದು, ಒಂದು ಬಿಳಿ ಪೆಟ್ಟಿಗೆಗೆ ಸಿಕ್ಕಿಸಿ, ದೀಪ ಮಿಣುಕಿಸಿದ. “ಎಲ್ಲಾ ಇದರಲ್ಲೇ ಇರೋದು ಅಜ್ಜ, ಜೋಪಾನ” ಅಂದ.

ಜೋಪಾನ ಅನ್ನೋದನ್ನ ನನಗೆ ಹೇಳಿಕೊಡ್ಬೇಕಾ? ಇವಳು ಹೊಲದಿಂದ ಬರೋದ್ರೊಳಗೆ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಒಡವೆ ಇಡೋ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀರುವಿನ ಬೆನ್ನಲ್ಲಿ ತುಕ್ಕಿನ ತೂತಿತ್ತು, ತಂತಿಗಳಿಗೆ ದಾರಿಯಾಯ್ತು.

ಸೋಮವಾರ ಇವಳ ಬಾಯಿ ತೆರೆದು ನಿಂತಿದ್ದು ಮುಚ್ಚಲೇ ಇಲ್ಲ. ಮಾರನೇ ದಿನ ಯುಗಾದಿಗೂ ಕಾಯದೆ ಚೀಲ ಹಿಡಿದು ಹಿರೇನಲ್ಲೂರಿನ ದಾರಿ ಹಿಡಿದ್ಲು.

ಮೂರು ದಿನ ಬಿಟ್ಟು ತಂತಿಯವನು ಬಂದ. “ಪೆಟ್ಟಿಗೆ ಎಲ್ಲಿ ಅಜ್ಜ?”

ಬೀಗ ತೆಗೆದು ತೋರಿಸಿದೆ. ಅವನು ನಕ್ಕೂ ನಕ್ಕೂ ನೆಲಕ್ಕೆ ಕೂತ. “ಕಬ್ಬಿಣ ದಾಟಿ ನೆಟ್ಟು ಬರಲ್ಲ ಅಜ್ಜ!”

“ಗೊತ್ತಿತ್ತು ಬಿಡಪ್ಪಾ. ನಿನಗೆ ಗೊತ್ತೈತೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ.”

೪. ಸೀರೆ

ಅವನು ಗೋಡೆಗೆ ಮೊಳೆ ಹೊಡೆದು ಪೆಟ್ಟಿಗೇನ ಕೂರಿಸಿ, ನನ್ನ ಫೋನಿನಲ್ಲಿ ಏನೋ ಒತ್ತಿ ಕೈಗೆ ಕೊಟ್ಟ. ಹೆಂಡ್ತಿ ಒಬ್ಬಳೇ ಅಲ್ಲ, ನಾಲ್ವರೂ ಒಟ್ಟಿಗೇ ಬಂದ್ರು. ಕೊಳದ ನೀರಿನ ಹಾಗೆ ತಿಳಿಯಾಗಿ ಕಾಣ್ತವ್ರೆ!

“ನೋಡೇ, ನೆಟ್ಟು ಬಂತು. ಬಂದ್ರೆ ಬಾ, ಬಲವಂತ ಇಲ್ಲ. ನನಗೇನೂ ತೊಂದರೆ ಇಲ್ಲ, ಬೆಣ್ಣೆಯಂಥ ಮುದ್ದೆ ತಿರುವ್ಕಂಡು ಉಣ್ತಾ ಇದೀನಿ” ಅಂದೆ.

“ಹಿಂದೆ ಗೋಡೆಗೆ ಅಂಟಿರೋದೇನು ಬಾವ?” ಕಡೂರಿನವಳು.

“ಅದಾ? ಸುಣ್ಣ.”

“ಸುಣ್ಣ ರಾಗಿ ಬಣ್ಣ ಇರ್ತದಾ?”

“ಎಮ್ಮೆ ಯಾಕೆ ಅಡುಗೆಮನೇಲಿ ಪಾತ್ರೆ ನೆಕ್ತೈತೆ?” ಅಜ್ಜಂಪುರದವಳು.

ಸಿಮ್ಮಿನ ನೆಟ್ಟೇ ವಾಸಿ ಕಣ್ರೀ, ಗಂಡಸಿನ ಮಾತಿಗೆ ಒಂದು ಮರ್ಯಾದೆ ಕೊಡ್ತಿತ್ತು. ಗೋಡೆ ಮರೆ ಮಾಡೋಣ ಅಂತ ಎದ್ದು ನಿಂತೆ. ಅಲ್ಲೇ ಕೆಟ್ಟೆ.

“ರೀ!” ಹೆಂಡ್ತಿ ಕೂಗಿದ್ಲು. “ನೀವು ಉಟ್ಟಿರೋದು ನನ್ನ ಸೀರೆ ಅಲ್ವೇನ್ರೀ?”

ಪಂಚೆ ಒಗೆಯೋರು ಯಾರಿದ್ರು, ನೀವೇ ಹೇಳಿ.

ತರೀಕೆರೆಯವಳು ಫೋಟೊ ಹಿಡಿದೇಬಿಟ್ಲು. ಅದರಲ್ಲಿ ನನ್ನ ಬಾಯಿ ತೆರೆದು ನಿಂತೈತೆ. ನೆಟ್ಟು ಮಾತ್ರ ನಿಂತಿರಲಿಲ್ಲ.

ನಮ್ಮವಳು ಮಾರನೇ ದಿನ ಮೊದಲನೇ ಬಸ್ಸಿಗೇ ನಗ್ತಾ ಬಂದ್ಬಿಟ್ಲು. ಈಗ ಸೋಮವಾರ ಬಂತಂದ್ರೆ ಮೂವರೂ ಕೇಳೋದು ಒಂದೇ ಮಾತು, “ಬಾವ, ಇವತ್ತು ಯಾವ ಸೀರೆ?” ಪೆಟ್ಟಿಗೇನ ಕಿತ್ತು ಮತ್ತೆ ಬೀರುವಿಗೆ ಹಾಕಿಬಿಡೋಣ ಅನ್ನಿಸ್ತದೆ. ಏನು ಮಾಡೋದು, ಬೀಗದ ಕೈನ ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡವಳೆ.